ಆನೆ ಇದ್ದಲ್ಲಿ ಸೈರನ್ ಇಲ್ಲ

ನಾನು ಊಟಿಯ ಒಂದು ಸಣ್ಣ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದ ಕಾಲದಲ್ಲಿ ಹೆದರುತ್ತಿದ್ದದ್ದು ಘಾಟಿಗಲ್ಲ, ಸೀಸನ್ನಿಗೆ. ಏಪ್ರಿಲ್ ಬಂತೆಂದರೆ ಬಯಲುಸೀಮೆಯ ಕಾರುಗಳೆಲ್ಲ ಬೆಟ್ಟ ಹತ್ತುತ್ತವೆ. ಓಡಿಸುವವನ ಒಂದು ಕಣ್ಣು ಕಣಿವೆಯ ಮೇಲೆ, ಇನ್ನೊಂದು ಹೆಂಡತಿ ತೋರಿಸಿದ ಕೋತಿಯ ಮೇಲೆ. ರಸ್ತೆಯನ್ನು ದೇವರೇ ನೋಡಿಕೊಳ್ಳಬೇಕು. ಅಂಥವರ ಬೆನ್ನ ಹಿಂದೆ ದಿಢೀರನೆ ಸೈರನ್ ಹಾಕಿದರೆ ಬೆದರಿ ತಿರುವಿನಲ್ಲೇ ಬ್ರೇಕ್ ಒತ್ತುತ್ತಾರೆ. ಅದಕ್ಕೇ ದೂರದಿಂದಲೇ ಸೈರನ್ ಕೇಳಿಸಿ, ಹತ್ತಿರ ಬಂದಾಗ ನಿಲ್ಲಿಸಿ, ಲೈಟು ಮಿನುಗಿಸಿ ಕಾಯುತ್ತಿದ್ದೆ. ಮಸಿನಗುಡಿಯ ಕಾಡುದಾರಿಯಲ್ಲಂತೂ ಆನೆ ಕಂಡಲ್ಲಿ ಸೈರನ್ನೂ ಇಲ್ಲ, ಹಾರನ್ನೂ ಇಲ್ಲ.

ಒಂದು ಮಧ್ಯಾಹ್ನ ಅಲ್ಲಿಯ ಕಾಡುಜನರ ಹಾಡಿಯಿಂದ ಒಬ್ಬ ಬಸುರಿಯನ್ನು ಹತ್ತಿಸಿಕೊಂಡೆ. ಚೊಚ್ಚಲು. ಮಗು ಅಡ್ಡ ತಿರುಗಿದೆ, ಊಟಿ ಮುಟ್ಟದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದಿದ್ದರು ಅಲ್ಲಿಯ ನರ್ಸಮ್ಮ. ಜೊತೆಗೆ ಅವಳ ಅತ್ತೆ, ವಯಸ್ಸಾದ ಅಜ್ಜಿ. ಘಾಟಿ ಶುರುವಾಗುವ ಮೊದಲೇ ನಡುರಸ್ತೆಯಲ್ಲಿ ಒಂದು ಕಾರು ನಿಂತಿತ್ತು. ಪಕ್ಕದ ಲಂಟಾನ ಪೊದೆಯ ಹತ್ತಿರ ಮರಿಯ ಜೊತೆ ಹೆಣ್ಣಾನೆ. ಕಾರಿನವನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ವಿಡಿಯೋ ಕ್ಯಾಮೆರಾಕ್ಕೆ ಕಣ್ಣು ಅಂಟಿಸಿದ್ದ. ಲೈಟು ಮಿನುಗಿಸಿದೆ, ಮತ್ತೆ ಮಿನುಗಿಸಿದೆ. ಯಾರಿಗೆ ಬೇಕಾಗಿತ್ತು!

"ಕೂಗಬೇಡ ಮಗಳೇ, ದೊಡ್ಡವರು ಮರಿ ಕಟ್ಟಿಕೊಂಡು ನಿಂತವ್ರೆ," ಎಂದು ಅತ್ತೆ ಪಿಸುಗುಟ್ಟಿದಳು. ಹುಡುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಜ್ಜಿ ಕಿಟಕಿಗೆ ಮುಖವಿಟ್ಟು ಆನೆಯೊಂದಿಗೇ ಮಾತಾಡಿದಳು: "ತಾಯೇ, ನಿಂಗೂ ಕೂಸು ಉಂಟು, ನಮ್ಗೂ ಕೂಸು ಬರಬೇಕು. ದಾರಿ ಬುಡವ್ವ."

ಕೇಳಿಸಿತೋ ಏನೋ, ಆನೆ ಮರಿಯನ್ನು ಮುಂದೆ ನೂಕಿಕೊಂಡು ಕಾಡಿಗಿಳಿಯಿತು. ಕಾರು ಮಾತ್ರ ಕದಲಲಿಲ್ಲ. ಅವನು ಇನ್ನೂ ಕ್ಯಾಮೆರಾದಲ್ಲಿ ಆನೆಯ ಬಾಲ ಹಿಡಿಯುತ್ತಿದ್ದ.

ಇಳಿದು ಹೋದೆ. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. "ಸ್ವಾಮಿ, ಹಿಂದೆ ನೋಡಿ," ಎಂದೆ. ನೋಡಿದ, ಮುಖ ಬಿಳಿಚಿಕೊಂಡಿತು. "ಅಯ್ಯೋ, ಗೊತ್ತೇ ಆಗ್ಲಿಲ್ಲ ಸಾರ್!" ಕ್ಯಾಮೆರಾ ಪಕ್ಕಕ್ಕೆಸೆದು ಬೀಗದ ಕೈಗೆ ತಡಕಾಡಿದ. ಬೈಗುಳ ನುಂಗಿಕೊಂಡೆ. ಈ ಬೆಟ್ಟದಲ್ಲೇ ಹುಟ್ಟಿದ ನಾನೂ ಮರಿಯಾನೆ ಕಂಡರೆ ನಿಂತು ನೋಡುವವನೇ. "ಗಾಬರಿ ಬೇಡ, ನಿಧಾನಕ್ಕೆ ಎಡಕ್ಕೆ ತೆಗೀರಿ," ಎಂದೆ.

ಘಾಟಿಯುದ್ದಕ್ಕೂ ಹಿಂದಿನಿಂದ ಒಂದು ಸೊಲ್ಲಿಲ್ಲ. ನನಗೆ ಜೀವವೇ ಹಾರಿಹೋಯಿತು. "ಅಜ್ಜೀ, ಉಸಿರಾಡ್ತಾಳಾ?"

"ಆಡ್ತಾಳೆ. ಕಾಡು ಮುಗೀಲಿ."

ಆಸ್ಪತ್ರೆಯ ಬಾಗಿಲಲ್ಲಿ, ಸದ್ದು ಮಾಡಬಾರದು ಎಂದು ಬರೆದ ಬೋರ್ಡಿನ ಕೆಳಗೇ ಹುಡುಗಿ ಸೆರಗು ತೆಗೆದು ಕಿರುಚಿದಳು. ಒಳಗಿನವರೆಲ್ಲ ಓಡಿಬಂದರು. "ಮೆಲ್ಲಗಮ್ಮಾ!" ಎಂದು ಸಿಸ್ಟರ್ ಗದರಿದರು.

"ಕೂಗ್ಲಿ ಬುಡವ್ವ," ಎಂದಳು ಅಜ್ಜಿ, "ಇಲ್ಲಿ ಆನೆ ಇಲ್ಲ."

ಸಂಜೆ ಆಪರೇಷನ್ ಕೋಣೆಯಿಂದ ಇನ್ನೊಂದು ಕೂಗು ಕೇಳಿತು, ಎಳೆಯದು. ಆಮೇಲೆ ತಾಯಿಯ ದನಿಯೂ ಕೇಳಿತು. ಹೊರಗೆ ನಿಂತಿದ್ದ ನಾನು ಅತ್ತುಬಿಟ್ಟೆ.