ವಿಂಡೋ ಅಂದರೆ ಗಾಳಿಯ ಕಣ್ಣಂತೆ

ಗೆಳತಿಯರೇ, ಇವತ್ತು ಕಿಟಕಿಯ ವಿಷಯಕ್ಕೆ ಮನೆ ಓನರ್ ಗೌರಮ್ಮನ ಜೊತೆ ಜಗಳವಾಯಿತು. ಬೊಮ್ಮಸಂದ್ರದ ಈ ಮನೆಯಲ್ಲಿರುವುದು ನಾನು, ಎರಡು ತಿಂಗಳ ಮಗಳು, ಶಿಫ್ಟ್ ಮುಗಿಸಿ ಬಂದು ಮಲಗಿಬಿಡುವ ಗಂಡ. ಬೀದಿಯ ಮಾತಾದರೂ ಕಿವಿಗೆ ಬೀಳಲಿ ಎಂದು ಕಿಟಕಿ ತೆರೆದು ಕೂತಿದ್ದೆ. ಕೆಳಗಿನಿಂದ ನೋಡಿದ ಗೌರಮ್ಮ ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದರು.

“ಬಾಣಂತಿ ಇಂಗಾ ಗಾಳಿಗೆ ಕೂರೋದು? ತಲೆಗೊಂದು ಬಟ್ಟೆನೂ ಕಟ್ಕಂಡಿಲ್ಲ!”

ನಿದ್ದೆಯಿಲ್ಲದ ನಾನು ಹಾಲೂಡಿಸುತ್ತಾ ಫೋನಿನಲ್ಲಿ ಏನೇನೋ ಓದುತ್ತಿರುತ್ತೇನೆ. ಹಾಗೆ ಓದಿದ್ದೊಂದನ್ನು ಹೇಳಿದೆ: “ಆಂಟಿ, ಇಂಗ್ಲಿಷಿನ ವಿಂಡೋ ಅನ್ನೋದು ಗಾಳಿ, ಕಣ್ಣು ಅನ್ನೋ ಅರ್ಥದ ಎರಡು ಹಳೇ ಪದ ಸೇರಿ ಆಗಿದ್ದಂತೆ. ಗಾಳಿಯ ಕಣ್ಣು! ಅದನ್ನ ಮುಚ್ಚಿದ್ರೆ ಹೇಗೆ?”

“ಕಣ್ಣಾ? ಅಯ್ಯೋ, ಮಗೀಗೆ ದೃಷ್ಟಿ ಆಗ್ತದೆ ಕಣವ್ವಾ, ಮೊದ್ಲು ಮುಚ್ಚು!” ಎಂದು ತಾವೇ ಚಿಲಕ ಹಾಕಿದರು. ನನ್ನ ತಲೆಗೆ ಟವೆಲ್ ಸುತ್ತಿದರು, ಮಗಳ ಕೆನ್ನೆಗೆ ಕಪ್ಪಿಟ್ಟರು, ಬೈಯುತ್ತಲೇ ತುಂಬ ಹೊತ್ತು ಕೂತಿದ್ದರು. ಇಡೀ ದಿನ ನನ್ನೊಡನೆ ಮಾತಾಡಿದವರು ಅವರೊಬ್ಬರೇ.

ನಾಳೆ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆರೆಯುತ್ತೇನೆ. ಬೈಯುವುದಕ್ಕಾದರೂ ಮೇಲೆ ಬರುತ್ತಾರಲ್ಲ.