ಬಿಳಿ ಕುರಿಗಳು ಮೇದ ಗುಡ್ಡ

ಟುನೀಶಿಯಾದ ಒಣ ಗುಡ್ಡಗಳಲ್ಲಿ ಮನ್ನೂಬಿಯಾ ಬದುಕಿಡೀ ಕರಿ ಕುರಿಗಳನ್ನೇ ಮೇಯಿಸಿದವಳು. ಈ ಬೇಸಿಗೆಯಲ್ಲಿ ಅಳಿಯ ಜಿಲಾನಿ ಬಿಳಿ ಕುರಿಗಳನ್ನು ತಂದಿದ್ದ. "ಬಣ್ಣ ನೋಡೋಕೆ ಇವಕ್ಕೇನು ಮದುವೆ ಮಾಡ್ಬೇಕಾ ಅತ್ತೆ?" ಎಂದು ನಕ್ಕಿದ್ದ.

ನಿನ್ನೆಯಿಂದ ಮಂದೆ ಮೇಯುತ್ತಿದ್ದ ಇಳಿಜಾರಿನಲ್ಲಿ ಇವತ್ತು ಅವಳ ಕಣ್ಣಿಗೆ ಹಳದಿ ಹೂವಿನ ಮೋಟು ಗಿಡಗಳು ಬಿದ್ದವು. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದಳು. ಸೂಜಿಯಿಂದ ಚುಚ್ಚಿದಂತೆ ಎಲೆಯ ತುಂಬ ಬೆಳಕಿನ ಚುಕ್ಕೆಗಳಿದ್ದವು. ಅದೇ ಗಿಡ. ಅದನ್ನು ತಿಂದ ಬಿಳಿ ಕುರಿಯನ್ನು ಬಿಸಿಲು ಸುಡುತ್ತದೆ, ಕರಿಯದನ್ನು ಮುಟ್ಟುವುದಿಲ್ಲ.

"ಜಿಲಾನಿ, ಎಲ್ಲಾನೂ ಕೊಟ್ಟಿಗೆಗೆ ಹೊಡಿ. ಹೊತ್ತು ಮುಳುಗೋವರೆಗೂ ಬಾಗಿಲು ತೆಗೀಬೇಡ."

"ಯಾಕತ್ತೆ? ಒಂದು ಮೋಡಾನೂ ಇಲ್ಲ, ಎಷ್ಟು ಒಳ್ಳೆ ದಿನ."

"ಅದಕ್ಕೇ ಹೇಳಿದ್ದು."

ಮುಂದಿದ್ದ ಬಿಳಿ ಕುರಿ ಆಗಲೇ ಕಿವಿ ಕೊಡವುತ್ತ, ಬಂಡೆಗೆ ಮುಖ ಉಜ್ಜುತ್ತಿತ್ತು.