ಒಂದೇ ಬೋಗುಣಿಯ ಎರಡು ಪಾಚಿ

ನಮ್ಮ ನಯನಾಳ ಎಣಿಕೆ ಸರಿಯೆಂದು ಅವಳ ಮೇಡಂ ಒಪ್ಪಿದರು! ಎಲೆಯಂಥ ಪಾಚಿಗೂ ಹತ್ತು, ಕೂದಲಂಥ ಪಾಚಿಗೂ ಹತ್ತು! ಮಧ್ಯಾಹ್ನ ಮೊಮ್ಮಗಳ ಫೋನು ಬಂದದ್ದೇ ತಡ, ದೋಸೆ ಹಿಟ್ಟಿನ ಕೈಯಲ್ಲೇ ಕೆಳಗಿನ ಮನೆಗೆ ಓಡಿದೆ. ನಮ್ಮ ಬಾಡಿಗೆ ಮನೆಯ ಯಜಮಾನಿ ಮುನಿಯಮ್ಮ ಹೂ ಕಟ್ಟುತ್ತಿದ್ದರು.

"ಹತ್ತು ಬಂತು ಮುನಿಯಮ್ಮಾ, ಎರಡಕ್ಕೂ ಹತ್ತು!"

"ಮಾರ್ಕ್ಸಾ ಅಕ್ಕಾ? ಇಷ್ಟು ಕಮ್ಮಿನಾ?" ಎಂದು ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಹೇಗೆ ಬಿಡಿಸಿ ಹೇಳಲಿ? ನನಗೇ ಅರ್ಧ ತಿಳಿದಿಲ್ಲ. ಸಂತೋಷ ಮಾತ್ರ ಪೂರ್ತಿ ಇದೆ, ಎದೆಯಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಎಲ್ಲರಿಗೂ ಬರೆಯುತ್ತಿದ್ದೇನೆ.

ಅಂಕೋಲೆಯ ಕಡಲ ಬೇಲೆಯ ಬಂಡೆಗಳ ಮೇಲೆ ತಿನ್ನುವ ಚಿಪ್ಪು ಕೀಳುತ್ತಿದ್ದ ನಾನು, ಮೂರನೇ ಇಯತ್ತೆ ಓದಿದವಳು, ಮೊಣಕಾಲು ಕೈಕೊಟ್ಟಿತೆಂದು ಬೆಂಗಳೂರಿನ ಬೈಯಪ್ಪನಹಳ್ಳಿಯ ಮಗಳ ಮನೆಗೆ ಬಂದೆ. ಮೊದಲ ದಿನವೇ ದಿಗಿಲು. ಬೆಳಿಗ್ಗೆ ಮುನಿಯಮ್ಮ "ನೀರು ಬಂತೂ!" ಎಂದು ಕೂಗಿದರು. ನಾನು ಸೀರೆ ಎತ್ತಿ ಸಿಕ್ಕಿಸಿ, ಚೀಲ ಹಿಡಿದು ಮೆಟ್ಟಿಲವರೆಗೆ ಓಡಿದೆ; ಉಬ್ಬರ ಏರಿತು, ಬಂಡೆಯಿಂದ ಇಳಿಯಬೇಕು ಎಂದು ಕಾಲಿಗೆ ಅನ್ನಿಸಿಬಿಟ್ಟಿತ್ತು. ಕೆಳಗೆ ನೋಡಿದರೆ ನೆಲದೊಳಗಿನ ತೊಟ್ಟಿಗೆ ಬೀಳುತ್ತಿರುವ ಕಾವೇರಿ ನೀರು. ನಮ್ಮಲ್ಲಿ ನೀರು ಚಂದ್ರನ ಮಾತು ಕೇಳಿ ಬರುತ್ತದೆ, ಹೋಗುತ್ತದೆ. ಇಲ್ಲಿ ನೀರು ಬಿಡುವವನು ವಾಲ್ವ್ ತಿರುಗಿಸಿದಾಗ ಬರುತ್ತದೆ. ನಾನು ದಿಕ್ಕು ತಪ್ಪಿದ್ದು ಅಲ್ಲಿಂದಲೇ.

ಅದಕ್ಕಿಂತ ದೊಡ್ಡ ಗೊಂದಲ ಮೊಮ್ಮಗಳದ್ದು. ಸಮುದ್ರವೇ ಇಲ್ಲದ ಊರಿನಲ್ಲಿ ಕುಳಿತು ಸಮುದ್ರದ ಪಾಚಿ ಓದುತ್ತಾಳೆ! ಎಲೆಯಂಥದ್ದು ಒಂದು, ಕೂದಲಂಥದ್ದು ಒಂದು. ಅವೆರಡೂ ನೆಂಟರೋ ಅಲ್ಲವೋ ಎಂಬುದು ಅವಳ ಪ್ರಶ್ನೆ. ಪಾಚಿಯ ಜೀವಕೋಶ ಎರಡಾಗಿ ಸೀಳುವ ಗಳಿಗೆಯಲ್ಲಿ ಒಳಗೆ ಸಣ್ಣ ಸಣ್ಣ ಎಳೆಗಳು ಕಾಣುತ್ತವಂತೆ. ಅವೇ ವರ್ಣತಂತು. ಅವನ್ನು ಎಣಿಸಬೇಕು, ಆಕಾರ ಹೋಲಿಸಬೇಕು. ಎಳೆ ಎಣಿಸಿದರೆ ನೆಂಟಸ್ತಿಕೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

"ನಿಂಗೂ ನಂಗೂ ನಲವತ್ತಾರು, ಅಮ್ಮಮ್ಮ. ಮುನಿಯಮ್ಮಂಗೂ ಅಷ್ಟೇ."

"ಹಾಗಾದ್ರೆ ಮುನಿಯಮ್ಮ ನಮಗೆ ಎಂತ ಆಗಬೇಕೇ?"

ಅವಳು ಹೊಟ್ಟೆ ಹಿಡಿದು ನಕ್ಕಳು.

ಆದರೆ ಆಗ ಅವಳು ನಗುತ್ತಿದ್ದದ್ದೇ ಕಡಿಮೆ. ಕರಾವಳಿಯಿಂದ ಬಾಟಲಿಯಲ್ಲಿ ತರಿಸಿದ ಪಾಚಿಯೆಲ್ಲ ದಾರಿಯಲ್ಲೇ ಕೊಳೆಯುತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ ಒಂದಾದರೂ ಎಣಿಕೆ ತೋರಿಸದಿದ್ದರೆ ವಿಷಯವನ್ನೇ ಬದಲಿಸು ಎಂದು ಅವಳ ಸಂಶೋಧನೆ ನೋಡಿಕೊಳ್ಳುವ ಮೇಡಂ ಹೇಳಿದ್ದರು. ಐದು ವರ್ಷದ ಕೆಲಸ! ಹುಡುಗಿ ಊಟದ ಮುಂದೆ ಕುಳಿತು ಅನ್ನದ ಅಗುಳು ಎಣಿಸುತ್ತಿದ್ದಳು.

ಆಗಲೇ ತಮ್ಮನ ಮಗಳ ಮದುವೆಗೆ ಊರಿಗೆ ಹೋದೆ. ಬರುವಾಗ ಎರಡೂ ಪಾಚಿ ಕಿತ್ತು, ಚಿಪ್ಪು ಕಳಿಸುವ ಹಾಗೆಯೇ ಒದ್ದೆ ಗೋಣಿಯಲ್ಲಿ ಸುತ್ತಿದೆ. ನೀರಿನಲ್ಲಿ ಮುಳುಗಿಸಿದ ಚಿಪ್ಪು ದಾರಿಯಲ್ಲಿ ಸಾಯುತ್ತದೆ, ಒದ್ದೆ ಗೋಣಿಯಲ್ಲಿ ಬದುಕುತ್ತದೆ. ಇದು ನಮ್ಮ ಕಡೆ ಹೆಂಗಸರಿಗೆಲ್ಲ ಗೊತ್ತು. ಜೊತೆಗೆ ಒಂದು ಕ್ಯಾನು ಸಮುದ್ರದ ನೀರು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ.

ನಾನು ಬಂದಾಗ ನಯನಾ ಪರವೂರಿನಲ್ಲಿದ್ದಳು. "ಫ್ರಿಜ್ಜಲ್ಲಿಡು ಅಮ್ಮಮ್ಮ, ಬರ್ತೀನಿ" ಎಂದಳು ಫೋನಿನಲ್ಲಿ. ಜೀವ ಇರುವುದನ್ನು ಫ್ರಿಜ್ಜಿನಲ್ಲಿಡಲು ಮನಸ್ಸು ಬರಲಿಲ್ಲ. ದೊಡ್ಡ ಬೋಗುಣಿಗೆ ಆ ನೀರು ಸುರಿದು, ಎರಡೂ ಪಾಚಿ ಹಾಕಿ, ತಾರಸಿಯ ಬಿಸಿಲಿಗೆ ಇಟ್ಟೆ.

ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ನೀರೆಲ್ಲ ಹಸಿರು, ಪಾಚಿಯ ಅಂಚೆಲ್ಲ ಬಿಳಿ. ಕೊಂದುಬಿಟ್ಟೆ ಎಂದುಕೊಂಡೆ. ಚೆಲ್ಲಲೆಂದು ಬೋಗುಣಿ ಎತ್ತಿದ್ದೆ. ಅಷ್ಟರಲ್ಲಿ ನಯನಾ ಚೀಲ ಸಮೇತ ಮೇಲೆ ಬಂದಳು.

"ಚೆಲ್ಬೇಡ! ಸತ್ತಿಲ್ಲ ಅದು, ಬೀಜ ಬಿಟ್ಟಿದೆ! ನಮ್ಮ ಬಾಟ್ಲೀಲಿ ಒಂದ್ಸಲನೂ ಬಿಡ್ಲಿಲ್ಲ ಗೊತ್ತಾ?" ಎಂದು ಕುಣಿದಳು. ಮರುಕ್ಷಣವೇ ಬಗ್ಗಿ ನೋಡಿ ತಲೆಗೆ ಕೈಯಿಟ್ಟುಕೊಂಡಳು. "ಅಯ್ಯೋ, ಎರಡನ್ನೂ ಒಂದ್ರಲ್ಲೇ ಯಾಕೆ ಹಾಕ್ದೆ?"

"ಎರಡೂ ಒಂದೇ ಅಲ್ಲನೇ?"

"ಅದನ್ನೇ ಅಲ್ವಾ ನಾನು ಐದು ವರ್ಷದಿಂದ ಹುಡುಕ್ತಾ ಇರೋದು!"

ಕೆಳಗಿನಿಂದ ಮುನಿಯಮ್ಮ, "ಏನಾಯ್ತ್ರೇ, ಅಜ್ಜಿ ಬಿದ್ರಾ?" ಎಂದು ಕೂಗುತ್ತಿದ್ದರು. ನಾನು ಅಳುತ್ತಿದ್ದೆ, ಅವಳು ನಗುತ್ತಲೂ ಅಳುತ್ತಲೂ ಇದ್ದಳು.

ಯಾವ ಬೀಜ ಯಾವುದರದ್ದೆಂದು ತಿಳಿಯದೆ ಆ ನೀರು ಎಣಿಕೆಗೆ ಬರಲಿಲ್ಲ. ಆದರೆ ದಾರಿ ತಿಳಿಯಿತು. ಒದ್ದೆ ಗೋಣಿ, ಆಮೇಲೆ ನೀರು, ಆಮೇಲೆ ಬೆಳಕು. ಮುಂದಿನ ವಾರವೇ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮತ್ತೆ ಹೋದೆ. ಈ ಸಲ ಎರಡು ಗೋಣಿ, ಎರಡು ಗಂಟು, ಒಂದಕ್ಕೆ ಕೆಂಪು ದಾರ. ಬೇರೆ ಬೇರೆ ಬೋಗುಣಿಯಲ್ಲಿ ಅವು ಬಿಟ್ಟ ಬೀಜದಿಂದ ಎದ್ದ ಮರಿಗಳಲ್ಲೇ ಎಳೆಗಳು ಅವಳ ಕಣ್ಣಿಗೆ ಸಿಕ್ಕವು. ಎರಡಕ್ಕೂ ಹತ್ತು, ಆಕಾರದಲ್ಲೂ ಹೋಲಿಕೆ. ಹತ್ತಿರದ ನೆಂಟರೇ ಇರಬೇಕು ಅನ್ನುತ್ತಾಳೆ. ಇನ್ನೂ ಬೇರೆ ಪರೀಕ್ಷೆಗಳಿವೆಯಂತೆ. ಮೇಡಂ ಇವತ್ತು ಎಣಿಕೆ ಒಪ್ಪಿದರು. ವಿಷಯ ಬದಲಿಸುವುದು ಬೇಡವಂತೆ!

ಒಂದೇ ಬಂಡೆಯ ಮೇಲೆ ಬೆಳೆದವು ನೆಂಟರಲ್ಲದೆ ಇನ್ನೇನು ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಅದಲ್ಲ ಅಮ್ಮಮ್ಮ, ಪಕ್ಕದಲ್ಲೇ ಇದ್ದೂ ನೆಂಟರಲ್ಲದವೂ ಇರುತ್ತವೆ ಅನ್ನುತ್ತಾಳೆ. ತಲೆ ತಿರುಗುತ್ತದೆ.

ಸಂಜೆ ಮಗಳು ಸುಮಿತ್ರಾ ಕೆಲಸದಿಂದ ಬರುತ್ತಾ ಶಿವಾಜಿನಗರದ ಮಾರುಕಟ್ಟೆಯಿಂದ ಬಂಗುಡೆ ಮೀನು ತಂದಳು. "ಮೊದ್ಲೆಲ್ಲ ಸಾರಿನ ಹುಳಿಗೆ ಬಿಂಬುಳಿ ಇಲ್ಲ, ಇದಿಲ್ಲ ಅಂತ ಗೊಣಗ್ತಿದ್ಲು, ಇವತ್ತು ಬಾಯೇ ಇಲ್ಲ ಅಮ್ಮಂಗೆ" ಎಂದು ಛೇಡಿಸಿದಳು. ಕಾಯಿ ಅರೆದು ಸಾರು ಮಾಡಿದೆ. ಅಳಿಯ ಚಾಪೆ ಹಾಸಿದರು. ಮುನಿಯಮ್ಮ ಬಿಸಿ ರಾಗಿ ಮುದ್ದೆಯ ಪಾತ್ರೆ ಹಿಡಿದು ಬಂದರು. ನಯನಾಳೂ ಬಂದ ಮೇಲೆ ಐವರೂ ಕುಳಿತೆವು. ನಾನು ಮುದ್ದೆ ಅಗಿಯುವುದನ್ನು ನೋಡಿ ಮುನಿಯಮ್ಮನಿಗೆ ತಡೆಯಲಾಗಲಿಲ್ಲ.

"ಎಷ್ಟು ಸಲ ಹೇಳ್ಬೇಕಕ್ಕಾ? ಅಗೀಬಾರ್ದು, ನುಂಗ್ಬೇಕು!"

"ಅಮ್ಮಮ್ಮ, ಇನ್ನೊಂದು ಪಾಚಿ ಬೇಕು. ಮುಂದಿನ ಅಮಾವಾಸ್ಯೆಗೆ ನೀರು ಇಳಿದಾಗ ಹೋಗಿ ಬರ್ತೀಯಾ?" ಎಂದು ನಯನಾ ಕೇಳಿದಳು.

"ಹೋಗಿ ಬರ್ತೆ" ಅಂದೆ. ಅಂದ ಮೇಲೆ ಯೋಚನೆ ಹತ್ತಿತು. ಮೊದಲೆಲ್ಲ ಅಂಕೋಲೆಯ ಮನೆಯಿಂದ ಹೊರಡುವಾಗ ಆಡುತ್ತಿದ್ದ ಮಾತಲ್ಲವೇ ಇದು? ಈಗ ಬೈಯಪ್ಪನಹಳ್ಳಿಯಲ್ಲಿ ಕುಳಿತು ಹೇಳಿಬಿಟ್ಟೆ. ಅಷ್ಟರಲ್ಲಿ ಮುನಿಯಮ್ಮ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿದರು. ಬಂಗುಡೆ ಸಾರಿನಲ್ಲಿ ಅದ್ದಿ, ಈ ಸಲ ಅಗಿಯದೆ ನುಂಗಿದೆ.